ಇಟಗಿ ಮಾಸ್ತರರ ಅರ್ಧ ಗಡ್ಡ

ನರೇಗಲ್ಲಿನ ಮುರಿಗೆಪ್ಪ ಹಡಪದ ಕಟಿಂಗ್ ಮುಗಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, ಗಿರಾಕಿಯ ತಲೆಯ ಎರಡೂ ಬದಿ ಸಮನಾಗಿವೆಯೇ ಎಂದು ನೋಡುತ್ತಿದ್ದ. ನಲವತ್ತೊಂದು ವರ್ಷದ ಚಾಳಿ ಅದು. ಒಂದು ದಿನ ಯಾವ ಗುಂಗಿನಲ್ಲಿದ್ದನೋ, ಮೂರು ಹೆಜ್ಜೆ ಸರಿದ. ಅಂಗಡಿಯ ಕಟ್ಟೆ ಎರಡೂವರೆ ಹೆಜ್ಜೆಗೇ ಮುಗಿದಿತ್ತು. ಬಲಗೈ ಮೊದಲು ನೆಲ ಮುಟ್ಟಿತು, ಅದರ ಮೇಲೆ ಮುರಿಗೆಪ್ಪನ ಎಪ್ಪತ್ತೆಂಟು ಕಿಲೋ ಬಂದು ಬಿತ್ತು. ಮಣಿಕಟ್ಟಿನ ಮೇಲೆ ಎರಡೂ ಎಲುಬು ಮುರಿದವು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಗಿರಾಕಿಗೆ ಇದೊಂದೂ ಗೊತ್ತಾಗಲಿಲ್ಲ. ಅವನು ಕನ್ನಡಿ ನೋಡಿಕೊಳ್ಳುತ್ತ, ಸಮ ಆಗೇತೇನು ಎಂದು ಎರಡು ಸಲ ಕೇಳಿದನಂತೆ.

ಇದು ನಡೆದ ಕಾಲಕ್ಕೆ ಗದಗಿಗೆ ಹೋಗುವ ಬಸ್ಸಿಗೆ ಡ್ರೈವರ್ ಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೊಸ ಅಂಗಡಿಗೆ ಒಂದು ಡಬ್ಬಿ ಬಂದಿತ್ತು. ಅದರೊಳಗೆ ಮುಖ ಇಟ್ಟರೆ ಮೂರು ನಿಮಿಷಕ್ಕೆ ಗಡ್ಡ ಬೋಳಿಸಿ, ಒರೆಸಿ, ಪೌಡರ್ ಹಚ್ಚಿ ಹೊರಗೆ ಬಿಡುತ್ತಿತ್ತು. ಏನೆಲ್ಲ ಬಂದರೂ ಮುರಿದ ಎಲುಬು ಮಾತ್ರ ಮುತ್ತಜ್ಜನ ಕಾಲದಲ್ಲಿ ಎಷ್ಟು ದಿನಕ್ಕೆ ಕೂಡುತ್ತಿತ್ತೋ ಅಷ್ಟೇ ದಿನಕ್ಕೆ ಕೂಡುತ್ತಿತ್ತು. ಮುರಿಗೆಪ್ಪನ ಕೈ ಆರು ವಾರ ಪ್ಲಾಸ್ಟರಿನಲ್ಲಿತ್ತು.

ಬಿಚ್ಚಿದ ದಿನ ಒಳಗಿನಿಂದ ಹೊರಬಂದ ಕೈಯನ್ನು ಅವನು ತನ್ನದೆಂದು ಒಪ್ಪಲಿಲ್ಲ. ನುಗ್ಗೆಕಾಯಿಯಂತೆ ಸೊರಗಿತ್ತು. ಚಹಾದ ಕಪ್ಪು ಹಿಡಿದರೆ ಅರ್ಧ ಚಹಾ ಕೆಳಗಿನ ಬಸಿತಟ್ಟೆಗೆ ಬೀಳುತ್ತಿತ್ತು. ಯಾರೂ ನೋಡದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ತೆಗೆದು ಕ್ಷೌರದ ಕತ್ತಿಯನ್ನು ಕೈಗೆ ತಗೊಂಡ. ಕತ್ತಿಯ ತುದಿ ಸಾಬೂನಿನ ಬಟ್ಟಲಿಗೆ ತಾಗಿ ಕಟಕಟ ಸದ್ದು ಮಾಡಿತು. ಹಿಂದಿನ ಮನೆಯಲ್ಲಿದ್ದ ಹೆಂಡತಿ ನಿಂಬೆವ್ವನಿಗೆ ಆ ಸದ್ದು ಕೇಳಿಸಿತು. ಕೇಳಿಸಿದರೂ ಅವಳು ಹೊರಗೆ ಬರಲಿಲ್ಲ.

ಆಗ ಅವನಿಗೆ ಎಲ್ಲಕ್ಕಿಂತ ಮೊದಲು ನೆನಪಾದದ್ದು ಇಟಗಿ ಮಾಸ್ತರರ ಗಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಎಂಬತ್ತೊಂದರ ಮಾಸ್ತರರು, ಮೂವತ್ತು ವರ್ಷದಿಂದ ಪ್ರತಿ ಗುರುವಾರ ಬೆಳಿಗ್ಗೆ ಅವನ ಕುರ್ಚಿಯಲ್ಲಿ ಕೂತವರು. ಮುರಿಗೆಪ್ಪನನ್ನು ಗಣಿತದಲ್ಲಿ ಎರಡು ಸಲ ನಪಾಸು ಮಾಡಿದವರೂ ಅವರೇ. ಹೃದಯದ ಬೇನೆಗೆಂದು ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದರು. ಸಣ್ಣ ಗೀರು ಬಿದ್ದರೂ ನೆತ್ತರು ಲಗೂನ ನಿಲ್ಲುತ್ತಿರಲಿಲ್ಲ. ದವಡೆಯ ಹಲ್ಲು ಹೋಗಿ ಗಲ್ಲ ಒಳಗೆ ಬಿದ್ದಿತ್ತು. ಅಂಥ ಗಲ್ಲದ ಮೇಲೆ ಮೂವತ್ತು ವರ್ಷ ಕತ್ತಿ ಆಡಿಸಿಯೂ ಒಂದು ಹನಿ ನೆತ್ತರು ಕಾಣಿಸಿಲ್ಲ ಎಂಬುದೇ ಮುರಿಗೆಪ್ಪನ ಜಂಬ. ಬೇರೆ ಯಾವ ಜಂಬಕ್ಕೂ ಅವನಿಗೆ ಅವಕಾಶ ಸಿಕ್ಕಿರಲಿಲ್ಲ. ಮಾಸ್ತರರು ಬೇರೆಯವರ ಕೈಗೆ, ಅದರಲ್ಲೂ ಡಬ್ಬಿಯ ಕೈಗೆ ತಮ್ಮ ಮುಖ ಕೊಡುವುದಿಲ್ಲವೆಂದು ಹಟ ಹಿಡಿದು ಆಗಲೇ ಒಂದೂವರೆ ತಿಂಗಳ ಗಡ್ಡ ಬಿಟ್ಟಿದ್ದರು. ಆ ಗಲ್ಲದ ಮೇಲೆ ಮತ್ತೆ ಕತ್ತಿ ಇಡುವಷ್ಟು ಕೈ ಕೂಡಿದರೆ ತಾನು ಹೆಸರಿಗೆ ತಕ್ಕ ಹಡಪದ ಕ್ಷೌರಿಕ, ಇಲ್ಲದಿದ್ದರೆ ಇಲ್ಲ ಎಂದು ಮುರಿಗೆಪ್ಪ ತನಗೆ ತಾನೇ ಗೆರೆ ಎಳೆದುಕೊಂಡ.

ಗದಗಿನ ಹೊರವಲಯದಲ್ಲಿ ಹೊಸದಾಗಿ ಒಂದು ಕೇಂದ್ರ ಆಗಿತ್ತು. ಅದಕ್ಕೊಂದು ಉದ್ದನೆಯ ಸರಕಾರಿ ಹೆಸರಿತ್ತು. ಜನ ಕೈಶಾಲೆ ಎನ್ನುತ್ತಿದ್ದರು. ಅಲ್ಲಿಯ ಮೇಲ್ವಿಚಾರಕಿ ಶಾಹೀನ್ ಅತ್ತಾರ, ಮೂವತ್ತರ ಆಸುಪಾಸಿನ ಚುರುಕಿನ ಹೆಣ್ಣುಮಗಳು, ಮುರಿಗೆಪ್ಪನ ಕೈಗೆ ಮೊಣಕೈಯಿಂದ ಬೆರಳ ಬುಡದವರೆಗೆ ಬರುವ ಒಂದು ಹೆಣೆದ ತೋಳನ್ನು ತೊಡಿಸಿದಳು. ಇದಕ್ಕೂ ಉದ್ದನೆಯ ಹೆಸರಿತ್ತು, ಜನ ಇದನ್ನೂ ಬಿಡದೆ ತೋಳಂಗಿ ಮಾಡಿದ್ದರು.

ಶಾಹೀನ್ ವಿವರಿಸಿದ್ದು ಇಷ್ಟು. ಕೈ ಎತ್ತಬೇಕೆಂದು ಮನಸ್ಸು ಮಾಡಿದ ಕೂಡಲೇ ಸ್ನಾಯುವಿನಲ್ಲಿ ಒಂದು ಸಣ್ಣ ವಿದ್ಯುತ್ತು ಮಿಡಿಯುತ್ತದೆ, ಎತ್ತುವ ಬಲ ಇರಲಿ ಬಿಡಲಿ. ತೋಳಂಗಿಯ ನೂಲು ಆ ಮಿಡಿತವನ್ನು ಕೇಳಿಸಿಕೊಂಡು, ತಾನೂ ಸ್ನಾಯುವಿನಂತೆ ಕುಗ್ಗಿ, ಎಷ್ಟು ಬಲ ಕಡಿಮೆ ಬೀಳುತ್ತದೋ ಅಷ್ಟನ್ನು ತುಂಬಿಕೊಡುತ್ತದೆ. ತೊಟ್ಟವರು ಕೈಯನ್ನು ಹೇಗೆ ಆಡಿಸುತ್ತಾರೆ ಎಂಬುದನ್ನು ದಿನದಿನಕ್ಕೆ ಕಲಿಯುತ್ತದೆ. ಮೊದಲ ವಾರ ಹದಿನಾರಾಣೆಯಲ್ಲಿ ಹನ್ನೆರಡಾಣೆ ಬಲ ಅದರದು. ಕೈಗೆ ಕಸುವು ಬಂದಂತೆ ಅದು ವಾರಕ್ಕಿಷ್ಟು ಹಿಂದೆ ಸರಿದು, ಕೊನೆಗೆ ಬರೀ ಬಟ್ಟೆಯಾಗಿ ಉಳಿಯುತ್ತದೆ. ಆದರೆ ದಿನಕ್ಕೆ ಆರುನೂರು ಸಲ ಕೈ ಆಡಿಸಬೇಕು. ಅದರ ಲೆಕ್ಕ ತಾನಾಗಿಯೇ ಕೈಶಾಲೆಗೆ ಬರುತ್ತದೆ. ಒಂದು ವಾರ ಲೆಕ್ಕ ತಪ್ಪಿದರೆ ತೋಳಂಗಿಯನ್ನು ಮುಂದಿನವರಿಗೆ ಕೊಡಬೇಕು. ಸರತಿಯಲ್ಲಿ ಇನ್ನೂ ಮುನ್ನೂರು ಮುರಿದ ಕೈಗಳಿದ್ದವು.

ಜೊತೆಗೆ ಬಂದಿದ್ದ ನಿಂಬೆವ್ವ ಬೇರೇನು ಕೇಳಿಸಿಕೊಂಡಳೋ ಬಿಟ್ಟಳೋ, ಲೆಕ್ಕ ತಪ್ಪಿದರೆ ವಾಪಸ್ಸು ಎಂಬ ಮಾತನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೊದಲ ವಾರ ಮುರಿಗೆಪ್ಪ ಹುರುಪಿನಲ್ಲಿದ್ದ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಗಾಳಿಯಲ್ಲಿ ಯಾರದೋ ಗಡ್ಡ ತೆಗೆಯುವಂತೆ ಕೈ ಆಡಿಸುತ್ತಿದ್ದ. ಹಾದಿಯಲ್ಲಿ ಹೋಗುವವರು ನನ್ನದೂ ಒಂದು ತೆಗೆದುಬಿಡು ಎಂದು ಚಾಷ್ಟಿ ಮಾಡಿದರೆ, ನಿನಗೆ ಮುಖ ಇದ್ದರೆ ತಾನೆ ಎನ್ನುತ್ತಿದ್ದ. ಮೂರನೆಯ ವಾರಕ್ಕೆ ಹುರುಪು ಇಳಿಯಿತು. ತೋಳಂಗಿ ಬಲ ಕಡಿಮೆ ಮಾಡಿದಂತೆಲ್ಲ ಮಣಿಕಟ್ಟಿನೊಳಗೆ ಮುಳ್ಳು ಮುರಿದಂತಾಗುತ್ತಿತ್ತು. ಇನ್ನೂರಾಗುವಷ್ಟರಲ್ಲಿ ಬೆವರಿಳಿದು, ಸಾಕಪ್ಪ ಈ ರಗಳೆ ಎಂದು ಅದನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿ ಮಲಗಿಬಿಡುತ್ತಿದ್ದ. ನಿಂಬೆವ್ವ ಬೈದಳು, ರಮಿಸಿದಳು, ಮಾತು ಬಿಟ್ಟು ನೋಡಿದಳು. ಅವನು ಗೋಡೆಯ ಕಡೆ ಹೊರಳಿದ.

ಆದರೆ ಸಂಜೆ ಎದ್ದು ನೋಡಿದರೆ ತೋಳಂಗಿಯ ಅಂಚಿನ ಸಣ್ಣ ದೀಪ ಹಸಿರಾಗಿರುತ್ತಿತ್ತು. ಹಸಿರೆಂದರೆ ಆರುನೂರು ಮುಗಿಯಿತು ಎಂದು ಅರ್ಥ. ಗೂಟಕ್ಕೆ ತೂಗುಹಾಕಿದ ತೋಳಂಗಿ ಯಾರ ಕೈಯನ್ನು ಎಣಿಸಿತು ಎಂದು ಮುರಿಗೆಪ್ಪ ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ. ತಾನು ಬೆಳಿಗ್ಗೆ ಮಾಡಿದ್ದನ್ನು ಎಣಿಸುವಾಗ ತನಗೇ ತಪ್ಪಿರಬೇಕು, ಗಣಿತ ಮೊದಲಿಂದಲೂ ಕೈಕೊಟ್ಟ ವಿಷಯ ಎಂದು ಸಮಾಧಾನ ಮಾಡಿಕೊಂಡ. ಪುಕ್ಕಟೆ ಸಿಕ್ಕ ಶಾಭಾಸ್‌ಗಿರಿಯನ್ನು ಯಾರೂ ತಿರುವಿ ನೋಡುವುದಿಲ್ಲ.

ಕೈಶಾಲೆಯಲ್ಲಿ ಗೋಡೆ ತುಂಬ ಪರದೆಗಳಿದ್ದವು. ಜಿಲ್ಲೆಯಲ್ಲಿ ತೋಳಂಗಿ ತೊಟ್ಟ ಒಂದೊಂದು ಕೈಗೂ ಅಲ್ಲಿ ಒಂದೊಂದು ಗೆರೆ. ಪ್ರತಿ ಸೋಮವಾರ ಹೋದಾಗ ಶಾಹೀನ್ ಮುರಿಗೆಪ್ಪನ ಗೆರೆಯನ್ನು ದೊಡ್ಡದು ಮಾಡಿ ತೋರಿಸುತ್ತಿದ್ದಳು. ಅದು ಗುಡ್ಡ ಹತ್ತುವ ಹಾದಿಯಂತೆ ಮೇಲಕ್ಕೇ ಹೋಗುತ್ತಿತ್ತು. ಉಳಿದವರಿಗೆ ಅವಳು ಅವನದೇ ಉದಾಹರಣೆ ಕೊಡತೊಡಗಿದಳು. ಎಂಟನೆಯ ವಾರ, ಇನ್ನು ಕತ್ತಿ ಹಿಡಿಯಬಹುದು, ತೋಳಂಗಿ ತೊಟ್ಟುಕೊಂಡೇ ಹಿಡಿಯಿರಿ ಎಂದು ಹೇಳಿ ಕಳಿಸಿದಳು. ಕೈ ಇನ್ನೂ ನೋಯುತ್ತಿದೆ ಎಂದು ಮುರಿಗೆಪ್ಪನ ಬಾಯಿಗೆ ಬಂದಿತ್ತು. ಅಷ್ಟು ಚಂದದ ಗೆರೆಯ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು.

ಆ ಗುರುವಾರ ಮಾಸ್ತರರು ಹೊಸ ಧೋತರ ಉಟ್ಟು ಬಂದರು. ಗಡ್ಡ ಗಲ್ಲದಿಂದ ಇಳಿದು ಕುತ್ತಿಗೆ ಮುಚ್ಚುವಷ್ಟಾಗಿತ್ತು. ಮೊದಲು ಕತ್ತರಿಯಿಂದ ಎಡಬದಿಯನ್ನು ಸಣ್ಣ ಮಾಡಿ, ನೊರೆ ಹಚ್ಚಿ, ಮುರಿಗೆಪ್ಪ ಕತ್ತಿ ಇಟ್ಟ. ತೋಳಂಗಿ ಅವನ ಮನಸ್ಸನ್ನು ಓದಿದಂತೆ ಜೊತೆಗೂಡಿತು. ಎಡಗಲ್ಲ ನುಣ್ಣಗಾಯಿತು. ಬಲಬದಿಗೆ ಬಂದು, ಗಡ್ಡದ ದಪ್ಪವನ್ನು ಹಾಗೇ ಬಿಟ್ಟು, ದವಡೆಯ ಮೇಲಿನ ಅಂಚನ್ನು ಮೊದಲು ಬಿಡಿಸೋಣ ಎಂದು ಮಣಿಕಟ್ಟನ್ನು ತುಸು ಹೊರಳಿಸಿದ. ಅಷ್ಟೇ ಸಾಕಾಯಿತು. ತೋಳಂಗಿ ಕೈಯನ್ನು ಅವನಿಂದ ಕಸಿದುಕೊಂಡಂತೆ ಎಳೆದು, ಮಾಸ್ತರರ ಗಲ್ಲದ ಮೇಲೆ ಟಪ್ ಟಪ್ ಟಪ್ ಎಂದು ಮೂರು ಸಲ ಬಡಿದು, ಒಂದು ಸುತ್ತು ತಿರುಗಿಸಿತು. ಬಡಿದದ್ದು ಅಂಗೈ, ಆದರೆ ಬೆರಳ ನಡುವೆ ಕತ್ತಿ ಇತ್ತು.

ನೊರೆ ಕೆಂಪಾಯಿತು. ಮುರಿಗೆಪ್ಪನ ಕೂಗಿಗೆ ನಿಂಬೆವ್ವ ಓಡಿ ಬಂದಳು. ಒತ್ತಿ ಹಿಡಿದ ಟವೆಲು ನೆನೆಯಿತು, ಇನ್ನೊಂದು ನೆನೆಯಿತು. ಆಸ್ಪತ್ರೆಯಲ್ಲಿ ಮಾಸ್ತರರಿಗೆ ಮೂರು ಹೊಲಿಗೆ ಬಿದ್ದವು, ಎರಡು ದಿನ ಅಲ್ಲೇ ಇಟ್ಟುಕೊಂಡರು. ಡಾಕ್ಟರು ಇನ್ನು ಮೇಲೆ ಈ ಮುಖದ ಹತ್ತಿರ ಕತ್ತಿ ತರಬೇಡಿ ಎಂದು ಮಾಸ್ತರರ ಸೊಸೆಗೆ ಹೇಳಿದ್ದನ್ನು ಮುರಿಗೆಪ್ಪ ಬಾಗಿಲ ಹೊರಗೆ ನಿಂತು ಕೇಳಿದ.

ಎರಡನೆಯ ದಿನ ಧೈರ್ಯ ಮಾಡಿ ಒಳಗೆ ಹೋದ. ಮಾಸ್ತರರು ಮಂಚದ ಮೇಲೆ ಕೂತಿದ್ದರು. ಎಡಗಲ್ಲ ಮದುಮಗನದು, ಬಲಗಲ್ಲ ಸನ್ಯಾಸಿಯದು, ಅದರ ಮೇಲೊಂದು ಬಿಳಿ ಪಟ್ಟಿ. ಮುರಿಗೆಪ್ಪ ಕಾಲು ಹಿಡಿಯಲು ಬಾಗಿದ. ಕಣ್ಣು ತುಂಬಿ ಕಾಲು ಕಾಣಿಸಲಿಲ್ಲ.

“ಅರ್ಧಕ್ಕ ಬಿಟ್ಟು ಏಳೂ ಚಟ ನಿನಗ ಎಂಟನೇ ಇಯತ್ತೆಯಿಂದ ಐತಿ, ಮುರಿಗ್ಯಾ,” ಎಂದರು ಮಾಸ್ತರರು. “ಅವಾಗ ಲೆಕ್ಕ ಬಿಟ್ಟಿ, ಈಗ ಗಡ್ಡ ಬಿಟ್ಟಿ. ನಾ ಕಾಯತೀನಿ. ಬಂದು ಮುಗಸು.”

ಸೊಸೆ ಹಣೆ ಹಣೆ ಬಡಿದುಕೊಂಡಳು. ಉಳಿದರ್ಧವನ್ನು ಕತ್ತರಿಯಿಂದಾದರೂ ತೆಗೆಸಿಕೊಳ್ಳಿ, ಜನ ನಗುತ್ತಾರೆ ಎಂದಳು. ಮಾಸ್ತರರು ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಮುರಿಗೆಪ್ಪ ಒಬ್ಬನೇ ಕೈಶಾಲೆಗೆ ಹೋದ. ಸುದ್ದಿ ಮುಟ್ಟಿದ್ದರಿಂದ ಶಾಹೀನಳ ಮುಖ ಬಿಳುಚಿಕೊಂಡಿತ್ತು. ತೋಳಂಗಿ ಕೆಟ್ಟಿದೆಯೆಂದೇ ಅವಳು ತಿಳಿದಿದ್ದಳು. ಅದನ್ನು ಯಂತ್ರಕ್ಕೆ ಜೋಡಿಸಿ ಎಂಟು ವಾರದ ದಾಖಲೆಯನ್ನು ಬಿಚ್ಚಿದಳು. ಪರದೆಯ ಮೇಲೆ ಬೆಳಗಿನ ಗೆರೆ ಬಂತು: ಉದ್ದಕ್ಕೆ, ಮೆಲ್ಲಗೆ ಎಳೆಯುವ ಕೈ, ಅಲ್ಲಲ್ಲಿ ನೋವಿಗೆ ಅಳುಕಿ ನಿಂತದ್ದು. ಆಮೇಲೆ ಮಧ್ಯಾಹ್ನದ ಗೆರೆ. ಅದರ ಚಹರೆಯೇ ಬೇರೆ. ಗಟ್ಟಿ, ಚುರುಕು, ಒಂದು ಕಡೆಯೂ ಅಳುಕಿಲ್ಲ. ಶಾಹೀನ್ ಅದನ್ನೇ ನೋಡುತ್ತ, ಅದರ ಏರಿಳಿತವನ್ನು ಬೆರಳಿಂದ ಮೇಜಿನ ಮೇಲೆ ಬಡಿದಳು. ಟಪ್ ಟಪ್ ಟಪ್, ತಿರುವು. ಟಪ್ ಟಪ್ ಟಪ್, ತಿರುವು.

“ಇದು ಯಾ ಕೆಲಸ, ಕಾಕಾ? ಕ್ಷೌರದಾಗ ಹಿಂಗ ಬಡೀತಾರೇನು?”

ಮುರಿಗೆಪ್ಪನಿಗೆ ಗುರುತು ಹತ್ತಿತು. ಮದುವೆಯಾದ ಮಾರನೆಯ ದಿನದಿಂದ ಆ ಸದ್ದು ಅವನ ಕಿವಿಯಲ್ಲಿದೆ. ನಿಂಬೆವ್ವ ಪಕ್ಕದ ಖಾನಾವಳಿಗೆ ದಿನಾ ಮಧ್ಯಾಹ್ನ ಅರವತ್ತು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮೂರು ಬಡಿತಕ್ಕೊಂದು ತಿರುವು ಅವಳ ಕೈಯ ಲಯ. ಅವಳ ಅಕ್ಕನದು ನಾಲ್ಕಕ್ಕೊಂದು. ಆ ಸದ್ದಿಗೇ ಅವನಿಗೆ ನಿದ್ದೆ ಹತ್ತುತ್ತಿತ್ತು. ಐದು ವಾರ ಅವನು ಹಾಗೆ ಮಲಗಿದ್ದಾಗ, ಗೂಟದ ಮೇಲಿನ ತೋಳಂಗಿ ಅವಳ ಕೈ ಏರಿ ರೊಟ್ಟಿ ಬಡಿದಿತ್ತು.

ಶಾಹೀನ್ ಹೇಳುತ್ತಲೇ ಇದ್ದಳು. ಫೋನಿನಲ್ಲಿ ಎರಡಕ್ಷರ ಒತ್ತಿದರೆ ಉಳಿದ ಪದವನ್ನು ಅದೇ ಊಹಿಸಿ ಬರೆಯುತ್ತದಲ್ಲ, ತೋಳಂಗಿಯೂ ಹಾಗೆಯೇ. ದವಡೆಯ ಹತ್ತಿರ ನೀವು ಮಣಿಕಟ್ಟು ಹೊರಳಿಸಿದ್ದು ಈ ಬಡಿತದ ಆರಂಭದಂತೆ ಕಂಡಿದೆ, ಮುಂದಿನದನ್ನು ತಾನೇ ತುಂಬಿದೆ. ಅಷ್ಟೇ ಅಲ್ಲ, ಈ ಗಟ್ಟಿ ಕೈಯನ್ನು ನಿಮ್ಮದೆಂದು ನಂಬಿ ನಾನು ಕತ್ತಿ ಹಿಡಿಯಲು ಬಿಟ್ಟೆ. ಈಗ ಹೇಳಿ, ಇದು ಯಾರ ಕೈ?

“ನಂದ ರಿ, ಬಾಯಾರ,” ಎಂದ ಮುರಿಗೆಪ್ಪ. “ಮಧ್ಯಾಹ್ನ ಬ್ಯಾಸರಕ್ಕ ನಾನ ಅರವತ್ತ ರೊಟ್ಟಿ ಬಡೀತಿದ್ದೆ.”

ದಿನಕ್ಕೆ ಅರವತ್ತೇ ಎಂದು ಕೇಳಿ ಶಾಹೀನ್ ಅವನ ನುಗ್ಗೆಕಾಯಿ ಕೈಯನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಮೊದಲು ಸಿಟ್ಟು ಬಂತು, ಅದು ನಡುಹಾದಿಯಲ್ಲೇ ಆರಿತು.

“ಕಳ್ಳರನ್ನ ನೆನಸಿ, ಬ್ಯಾರೆ ಊರಿಗೆ ಒಯ್ದರ ನಡೀಲಾರದಂಗ ಇದಕ್ಕ ಕೀಲಿ ಹಾಕಿದ್ವಿ, ಕಾಕಾ. ಮನ್ಯಾಗಿನ ಹೇಣ್ತೀನ್ನ ಯಾರೂ ನೆನಸಿರಲಿಲ್ಲ.”

ಮನೆಗೆ ಬಂದಾಗ ನಿಂಬೆವ್ವ ಒಲೆಯ ಮುಂದಿದ್ದಳು. ಬಸ್ಸಿನಲ್ಲಿ ಅವನು ಹೇಗೆ ಬೈಯಬೇಕೆಂದು ಮಾತು ಕೂಡಿಸಿಕೊಂಡು ಬಂದಿದ್ದ. ಅವಳ ಬಲಗೈಯ ಮೇಲೆ, ತೋಳಂಗಿಯ ಅಂಚು ಒತ್ತುವ ಕಡೆ, ಬಳೆಯಂತೆ ಒಂದು ಕಂದು ಗುರುತು ಕಂಡಿತು. ಇಷ್ಟು ದಿನ ಅದನ್ನು ಅವನು ನೋಡಿಯೇ ಇರಲಿಲ್ಲ. ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ಯಾಕೆ ಹಾಗೆ ಮಾಡಿದೆ ಎಂದಷ್ಟೇ ಕೇಳಿದ.

ನಿಂಬೆವ್ವ ಮುಚ್ಚಿಡಲಿಲ್ಲ. ಮುಚ್ಚಿಡುವಂಥ ಕೆಲಸ ಮಾಡಿದ್ದೇನೆಂದು ಅವಳಿಗೆ ಅನಿಸಿಯೂ ಇರಲಿಲ್ಲ.

“ನೀವು ಸಣ್ಣವರಿದ್ದಾಗ ಜ್ವರ ಬಿಡಲಾರದ್ದಕ್ಕ ನಿಮ್ಮವ್ವ ಗುಡಿಗೆ ನೆಲಕ್ಕ ಮೈ ಚಾಚಿ ದೀಡ ನಮಸ್ಕಾರ ಹಾಕಿದ್ಲಂತ. ಜ್ವರ ನಿಮ್ಮ ಮೈಯಾಗ, ಹರಕಿ ಆಕೀ ಮೈಯಾಗ. ದೇವರು ಒಪ್ಪಿಕೊಂಡ, ನೀವು ಉಳಿದ್ರಿ. ದೇವರ ಒಪ್ಪಿದ್ದನ್ನ ಮಿಷನ್ ಒಪ್ಪಂಗಿಲ್ಲ ಅಂತ ನನಗೇನ ಗೊತ್ತು? ನಿಮ್ಮ ಕೈ ಸೋತಿತ್ತು. ನನ್ನ ಕೈ ಗಟ್ಟಿ ಇತ್ತು. ಅದಕ್ಕ ನಾ ಮಾಡಿದೆ.”

ಆಮೇಲೆ ಮಾಸ್ತರರ ನೆತ್ತರು ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಹಿರೇ ಜೀವಕ್ಕೆ ಏನಾದರೂ ಆಗಿದ್ದರೆ ಎಂದು ಅತ್ತಳು, ತನ್ನ ರೊಟ್ಟಿ ಬಡಿಯುವ ಕೈಗೆ ಬೆಂಕಿ ಹಚ್ಚಲಿ ಎಂದು ಅತ್ತಳು. ಮುರಿಗೆಪ್ಪ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ತಾನು ಎಡಗೈಯಿಂದಲೇ ಹೆಚ್ಚು ಹಿಡಿದಿದ್ದೇನೆ, ಬಲಗೈ ಬರೀ ಮೇಲಿದೆ ಎಂದು ಅವನಿಗೆ ಗೊತ್ತಾಯಿತು. ತಪ್ಪು ಅವಳೊಬ್ಬಳದಲ್ಲ. ಹಸಿರು ದೀಪ ನೋಡಿಯೂ ಸುಮ್ಮನಿದ್ದವನು ತಾನು.

ಮುಂದಿನ ಸೋಮವಾರ ಇಬ್ಬರೂ ಕೈಶಾಲೆಗೆ ಹೋದರು. ತೋಳಂಗಿ ಕಸಿದುಕೊಳ್ಳುತ್ತಾರೆ ಎಂದು ನಿಂಬೆವ್ವ ಹಾದಿಯುದ್ದಕ್ಕೂ ಜಪ ಮಾಡುತ್ತಿದ್ದಳು. ಶಾಹೀನ್ ಬೇರೆಯದೇ ಮಾತು ತೆಗೆದಳು. ತೋಳಂಗಿಯಲ್ಲಿ ಕಲಿತದ್ದನ್ನೆಲ್ಲ ಅಳಿಸಿ, ದೊಡ್ಡ ಊರಿನ ಒಬ್ಬ ನುರಿತ ಕ್ಷೌರಿಕನ ಕೈಚಳಕವನ್ನು ಅದರಲ್ಲಿ ತುಂಬಬಹುದು. ಅದಕ್ಕೆ ಮೇಲಿನವರು ಅನುಮತಿ ಕೊಟ್ಟಿದ್ದಾರೆ. ಕೈ ಸುಮ್ಮನೆ ಒಳಗಿದ್ದರೆ ಸಾಕು, ನಾಳೆಯಿಂದಲೇ ಅಂಗಡಿ ತೆಗೆಯಬಹುದು. ಆದರೆ ಆಗ ಕೈ ತಾನಾಗಿ ಕಸುವು ಗಳಿಸುವುದಿಲ್ಲ. ಇರುವವರೆಗೂ ತೋಳಂಗಿ ತೊಟ್ಟೇ ಇರಬೇಕು. ಅದು ಬೇಡವೆಂದರೆ ನಿಯಮದಂತೆ ವಾಪಸ್ಸು ಕೊಟ್ಟು, ಬರಿಗೈಯಿಂದ ಮೊದಲಿಂದ ಶುರು ಮಾಡಬೇಕು. ನಾಲ್ಕು ತಿಂಗಳು, ಆರು ತಿಂಗಳು, ಎಷ್ಟು ಬಂದೀತೋ ಹೇಳಲಾಗದು.

ಬೇಡ ಎನ್ನುವ ಮೊದಲು ಮುರಿಗೆಪ್ಪ ತೊಟ್ಟು ನೋಡಿದ. ಮೇಜಿನ ಮೇಲೆ ಒಂದು ರಬ್ಬರಿನ ತಲೆ ಇಟ್ಟಿದ್ದರು. ಅವನ ಕೈ ಎದ್ದಿತು, ಇಳಿಯಿತು, ಹೊರಳಿತು. ಎಂಥ ಚಂದದ ಕೈ ಅದು. ನೋವಿಲ್ಲ, ನಡುಕವಿಲ್ಲ, ನೊರೆಯ ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಹೊಟ್ಟೆಕಿಚ್ಚಾಗುವಷ್ಟು ಚಂದ. ರಬ್ಬರಿನ ಗಲ್ಲದಲ್ಲಿ ಬೆರಳಿಂದ ಒಂದು ಕುಳಿ ಒತ್ತಿ ಹಿಡಿಯಲು ಅವನು ನಿಂಬೆವ್ವನಿಗೆ ಹೇಳಿದ, ಮಾಸ್ತರರ ಹಲ್ಲಿಲ್ಲದ ಕಡೆ ಇರುವಷ್ಟು. ಕೈ ಆ ಕುಳಿಯ ಮೇಲಿಂದ ನೇರ ಹಾದು ಹೋಯಿತು. ನಿಲ್ಲಬೇಕೆಂದು ಅವನು ಮನಸ್ಸು ಮಾಡಿದ. ಕೈ ಕೇಳಲಿಲ್ಲ.

“ಛಲೋ ಕೈ ಐತ್ರಿ, ಬಾಯಾರ. ಆದ್ರ ಇದಕ್ಕ ನಮ್ಮ ಮಾಸ್ತರ ಗುರ್ತಿಲ್ಲ,” ಎಂದು ತೋಳಂಗಿ ಬಿಚ್ಚಿ ಮೇಜಿನ ಮೇಲಿಟ್ಟ. “ಸರತಿಯಾಗ ಯಾರದಾರೋ ಅವರಿಗೆ ಕೊಡ್ರಿ.”

ಮನೆಗೆ ಬಂದವಳೇ ನಿಂಬೆವ್ವ ಪರಾತದ ತುಂಬ ಜೋಳದ ಹಿಟ್ಟು ಹಾಕಿ, ಬಿಸಿನೀರು ಸುರಿದು, ಗಂಡನ ಮುಂದೆ ಇಟ್ಟಳು. ನಾದಿರಿ ಎಂದಳು. ಇನ್ನು ಮೇಲೆ ನಿಮ್ಮ ಕೈ ಕೆಲಸ ನಿಮ್ಮ ಕೈಯೇ ಮಾಡಲಿ, ನಾನು ಬರೀ ನೋಡುವವಳು.

ಕ್ಷೌರದ ಕೈ ಹಿಟ್ಟಿಗೆ ಇಳಿದದ್ದು ಹೀಗೆ. ಗಂಡಸು ಒಲೆಯ ಮುಂದೆ ಕೂರುವುದನ್ನು ಕಂಡು ಓಣಿಯಲ್ಲಿ ಎರಡು ದಿನ ನಗೆಯಾಯಿತು, ಮೂರನೆಯ ದಿನ ಹಳೆಯದಾಯಿತು. ಮೊದಲ ವಾರ ಒಂದು ಮುಷ್ಟಿ ಹಿಟ್ಟು ನಾದುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಅವನಿಗೆ ಕೈ ಬಿಡಬೇಕೆನಿಸಿದಾಗ ನಿಂಬೆವ್ವ ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಅವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಎರಡನೆಯ ತಿಂಗಳಿಗೆ ಅವನು ರೊಟ್ಟಿ ಬಡಿಯತೊಡಗಿದ. ಮೂಲೆಗೊಂದು ತೂತು, ಅಂಚಿಗೊಂದು ಸೀಳು; ಖಾನಾವಳಿಗೆ ಕೊಡುವಂತಿರಲಿಲ್ಲ, ಗಂಡ ಹೆಂಡತಿಯೇ ಎಣ್ಣೆಗಾಯಿ ಪಲ್ಯದ ಜೊತೆ ತಿಂದು ಮುಗಿಸಿದರು. ತಿಂಗಳಿಗೊಮ್ಮೆ ಶಾಹೀನ್ ಒಂದು ಸ್ಪ್ರಿಂಗಿನ ಹಿಡಿಕೆ ಕೊಟ್ಟು ಅದುಮಿಸುತ್ತಿದ್ದಳು. ಅದರ ಮೇಲಿನ ಮುಳ್ಳು ನಾಲ್ಕು ಕಿಲೋದಿಂದ ಒಂಬತ್ತಕ್ಕೆ, ಒಂಬತ್ತರಿಂದ ಹದಿನೈದಕ್ಕೆ ಬಂತು. ಈ ಸಲ ಗೆರೆ ಗುಡ್ಡ ಹತ್ತಲಿಲ್ಲ, ಬಸವನಹುಳುವಿನಂತೆ ತೆವಳಿತು. ಶಾಹೀನ್ ಅದನ್ನು ನೋಡಿ ಹಿಂದಿಗಿಂತ ಹೆಚ್ಚು ಖುಷಿಪಟ್ಟಳು.

ಬೆರಳಿಗೆ ಬಲ ಬಂದರೆ ಆಯಿತೇ, ಹದ ಬರಬೇಕಲ್ಲ. ಅದಕ್ಕೆ ಮುರಿಗೆಪ್ಪ ಸಂತೆಯಿಂದ ಬೂದುಗುಂಬಳಕಾಯಿ ತಂದ. ಅವನ ಅಪ್ಪ ಕೆಲಸ ಕಲಿಸಿದ್ದೂ ಅದರ ಮೇಲೆಯೇ. ಕಾಯಿಯ ಮೈಮೇಲಿನ ಬೂದಿಯನ್ನು ಕತ್ತಿಯಿಂದ ತೆಗೆಯಬೇಕು. ಬೂದಿ ಹೋಗಬೇಕು, ಕೆಳಗಿನ ಹಸಿರಿಗೆ ಗೀರು ಬೀಳಬಾರದು. ಹದಿಮೂರು ಕಾಯಿ ಗಾಯವಾದವು. ಮನೆಯಲ್ಲಿ ದಿನಾ ಕುಂಬಳಕಾಯಿ ಸಾರು. ಹದಿನಾಲ್ಕನೆಯದು ಒಂದೂ ಗೀರಿಲ್ಲದೆ ಹಸಿರಾಗಿ ನಿಂತಿತು. ನಿಂಬೆವ್ವ ಅದನ್ನು ಕೊಯ್ಯಲು ಒಪ್ಪದೆ ಗೋಡೆಯ ಮಾಡದಲ್ಲಿಟ್ಟಳು.

ಇಷ್ಟೂ ತಿಂಗಳು ಇಟಗಿ ಮಾಸ್ತರರು ಪ್ರತಿ ಗುರುವಾರ ತಪ್ಪದೆ ಬಂದು ಕುರ್ಚಿಯಲ್ಲಿ ಕೂತು ಹೋಗುತ್ತಿದ್ದರು. ಹೊಲಿಗೆ ಮಾಯ್ದಿತ್ತು. ಎಡಗಡೆ ನಾಲ್ಕು ಬೆರಳಗಲ ಹೊಸ ಗಡ್ಡ ಬಂದಿತ್ತು, ಬಲಗಡೆ ಅದರ ಒಂದೂವರೆಪಟ್ಟು. ಮಕ್ಕಳು ಹಿಂದೆ ಹಿಂದೆ ಬಂದರೆ ನಿಲ್ಲಿಸಿ ಮಗ್ಗಿ ಕೇಳುತ್ತಿದ್ದರು. ಮಕ್ಕಳು ಬರುವುದನ್ನು ಬಿಟ್ಟರು. ಅಂಗಡಿಯಲ್ಲಿ ಪೇಪರು ಓದಿ, ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆತೇನು ಎಂದು ಕೇಳುತ್ತಿದ್ದರು. ಮುಂದಿನ ವಾರ ಎನ್ನುತ್ತಿದ್ದ ಮುರಿಗೆಪ್ಪ. ಮೊದಮೊದಲು ಅದು ನಿಜವಾಗಿತ್ತು. ಆಮೇಲೆ ಕೈ ಸಿದ್ಧವಾಯಿತು, ಎದೆ ಆಗಲಿಲ್ಲ. ಬೇರೆ ಗಿರಾಕಿಗಳ ಗಡ್ಡ ತೆಗೆಯತೊಡಗಿದ. ಮಾಸ್ತರರ ಗಲ್ಲ ನೋಡಿದ ಕೂಡಲೇ ಕೆಂಪು ನೊರೆ ಕಣ್ಣ ಮುಂದೆ ಬರುತ್ತಿತ್ತು. ಕುಂಬಳಕಾಯಿ ನೆತ್ತರು ಸುರಿಸುವುದಿಲ್ಲ.

ಒಂದು ಗುರುವಾರ ಮಾಸ್ತರರು ಪೇಪರು ಓದಲಿಲ್ಲ. ಮುಂದಿನ ವಾರ ಮಾಡೋಣ ಎಂದು ಮುರಿಗೆಪ್ಪ ಶುರು ಮಾಡಿದ್ದಕ್ಕೆ ಕೈ ಎತ್ತಿ ತಡೆದರು. ಗುಳಿಗೆ ಇನ್ನೂ ನುಂಗುತ್ತಿದ್ದೀರಲ್ಲ, ಡಾಕ್ಟರು ಕತ್ತಿ ಬೇಡ ಎಂದಿದ್ದಾರಲ್ಲ, ಇನ್ನೊಮ್ಮೆ ನನ್ನ ಕೈಯಿಂದ ಏನಾದರೂ ಆದರೆ ನಾನು ಬದುಕುವುದಿಲ್ಲ ಎಂದು ಮುರಿಗೆಪ್ಪ ಒಂದೇ ಉಸಿರಿಗೆ ಹೇಳಿಬಿಟ್ಟ.

“ಗುಳಿಗಿ ನುಂಗೂದು ಬಿಡಂಗಿಲ್ಲ, ನಿನ್ನ ಬಿಡಂಗಿಲ್ಲ,” ಎಂದರು ಮಾಸ್ತರರು. “ನನಗ ಎಂಬತ್ತೊಂದು. ಎಷ್ಟು ಗುರುವಾರ ಉಳದಾವ ನನಗ ಗೊತ್ತಿಲ್ಲ. ಇದೊಂದ ಗುರುವಾರ ನಿನಗ ಅಂಜಿಕಿ ಇರಲಿ. ಅಂಜಿಕೊಂತನ ಮಾಡು.”

ಕುರ್ಚಿಯ ಹಿಂದಿನ ಹಲಗೆಗೆ ತಲೆಯಿಟ್ಟು ಕಣ್ಣು ಮುಚ್ಚಿದರು.

ಮುರಿಗೆಪ್ಪ ಕೈ ತೊಳೆದುಕೊಂಡ. ಕತ್ತಿಯನ್ನು ಬಿಸಿನೀರಲ್ಲಿ ಅದ್ದಿ, ತೊಗಲಿನ ಪಟ್ಟಾಕ್ಕೆ ತಿಕ್ಕಿ, ಮತ್ತೆ ಅದ್ದಿದ. ಕತ್ತರಿಯಿಂದ ಎರಡೂ ಬದಿ ಇಳಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಎಡಗಲ್ಲ ಮುಗಿಸಿ ಬಲಗಲ್ಲಕ್ಕೆ ಬಂದಾಗ, ನೊರೆಯ ಕೆಳಗೆ ಮೂರು ಹೊಲಿಗೆಯ ಗುರುತು ಬೆರಳಿಗೆ ತಾಗಿತು. ಕತ್ತಿ ಕೆಳಗಿಟ್ಟು, ಮಣಿಕಟ್ಟನ್ನು ತೊಡೆಗೆ ಒತ್ತಿ ನಿಂತ. ನೊರೆ ಒಣಗಿತು. ಮಾಸ್ತರರು ಅಲುಗಲಿಲ್ಲ. ಮತ್ತೆ ನೊರೆ ಹಚ್ಚಿದ. ಎಡಗೈಯ ಎರಡು ಬೆರಳಿಂದ ಕುಳಿಬಿದ್ದ ಗಲ್ಲವನ್ನು ಎಳೆದು ಹಿಡಿದು, ಗುರುತಿನ ಈಚೆಗೊಂದು ಸಣ್ಣ ಎಳೆತ, ಆಚೆಗೊಂದು ಸಣ್ಣ ಎಳೆತ. ಮತ್ತೆ ಕೈ ಸೋತಿತು, ಮತ್ತೆ ನಿಂತ. ಹೀಗೆ ನಾಲ್ಕು ಸಲ ನೊರೆ ಒಣಗಿ, ನಾಲ್ಕು ಸಲ ಹಚ್ಚಿ, ಒಂದು ತಾಸಿಗೆ ದವಡೆ ಮುಗಿಯಿತು. ಬಿಳಿ ನೊರೆ ಬಿಳಿಯಾಗಿಯೇ ಉಳಿದಿತ್ತು. ನಿಂಬೆವ್ವ ಬಾಗಿಲಲ್ಲಿ ಬಂದು ನಿಂತದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಇನ್ನು ಗಂಟಲು ಮಾತ್ರ ಉಳಿದಿತ್ತು. ಕತ್ತಿ ಇಡಬೇಕೆನ್ನುವಾಗ ಮಾಸ್ತರರ ತಲೆ ಒಂದು ಕಡೆ ತುಸು ವಾಲಿತು. ಮುರಿಗೆಪ್ಪ ಕತ್ತಿಯನ್ನು ದೂರ ಹಿಡಿದು, ಬಗ್ಗಿ ಅವರ ಮುಖ ನೋಡಿದ. ಬಾಯಿ ಅರೆತೆರೆದಿತ್ತು. ಸಣ್ಣಗೆ ಗೊರಕೆ ಕೇಳಿಸುತ್ತಿತ್ತು. ಇದೇ ಕೈಯಿಂದಾಗಿ ಮೂರು ಹೊಲಿಗೆ ಹಾಕಿಸಿಕೊಂಡ ಮನುಷ್ಯ, ಇದೇ ಕೈಯ ಕತ್ತಿಯ ಕೆಳಗೆ ಗಂಟಲು ಕೊಟ್ಟು ನಿದ್ದೆ ಹೋಗಿದ್ದರು.

ಮುರಿಗೆಪ್ಪನಿಗೆ ಅಳು ತಡೆಯಲಾಗಲಿಲ್ಲ. ಸದ್ದಾದರೆ ಎಚ್ಚರಾದೀತೆಂದು ತುಟಿ ಕಚ್ಚಿಕೊಂಡು ಅತ್ತ. ಬಾಗಿಲಲ್ಲಿದ್ದ ನಿಂಬೆವ್ವ ಏನಾಯಿತೆಂದು ಗಾಬರಿಯಿಂದ ಒಳಗೆ ಕಾಲಿಟ್ಟಳು. ಸುಮ್ಮನಿರು ಎಂದು ಎಡಗೈ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಗಂಟಲಿಗೆ ಇನ್ನೊಂದು ಸಲ ನೊರೆ ಹಚ್ಚಿ, ಮಾಸ್ತರರ ನಿದ್ದೆ ಕೆಡದಂತೆ ಕತ್ತಿ ಇಟ್ಟ.